ಮರುಭೂಮಿಯಲ್ಲೊಂದು ಮಡಿ ಸೀರೆ

ನಮ್ಮ ಮನೆಯ ಡ್ರೈಯರ್ ಕೆಟ್ಟು ಕೂತಿದೆ. ರಿಪೇರಿಯವನು ಗುರುವಾರ ಬರುತ್ತೇನೆ ಎಂದಿದ್ದಾನೆ. ಯಾವ ಗುರುವಾರ ಎಂದು ಹೇಳಿಲ್ಲ. ಹೀಗಾಗಿ ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನ ಈ ಮನೆಯ ಮೆಟ್ಟಿಲ ಕಟಕಟೆಯ ಮೇಲೆ ಟವೆಲ್ಲುಗಳು, ಊಟದ ಕುರ್ಚಿಗಳ ಬೆನ್ನಿಗೆ ಗಂಡನ ಅಂಗಿಗಳು, ಟ್ರೆಡ್‌ಮಿಲ್ಲಿನ ಮೇಲೆ ನನ್ನ ಚೂಡಿದಾರ. ಕೊಂಡ ಮೇಲೆ ಆ ಟ್ರೆಡ್‌ಮಿಲ್ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಹೊರಗೆ ಬಿಸಿಲು ಧಾರಾಳವಾಗಿದೆ. ಆದರೆ ನಮ್ಮ ಬಡಾವಣೆಯ ಸಂಘದ ನಿಯಮದಂತೆ ಹಿತ್ತಲಿನಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವಂತಿಲ್ಲ. ನೋಡುವವರ ಕಣ್ಣಿಗೆ ಅಂದಗೆಡುತ್ತದಂತೆ.

ಅಂದಗೆಡುತ್ತದೆ ಎನ್ನುವ ಮಾತಿಗೆ ನನಗೆ ನಗು ಬಂತು. ಏಕೆಂದರೆ ಇದೇ ಟೆಕ್ಸಸ್‌ನಲ್ಲಿ, ಹಗ್ಗದ ಮೇಲೆ ಒಣಗುತ್ತಿದ್ದ ನಮ್ಮ ಅತ್ತೆಯ ಸೀರೆಯನ್ನು ನೋಡಲು ಜನ ಕಾರು ನಿಲ್ಲಿಸಿ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಣ್ಣಾರೆ ಎಂದೆ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಕಂಡದ್ದನ್ನು ಆಮೇಲೆ ಜೋಪಾನವಾಗಿ ಇಟ್ಟುಕೊಳ್ಳುವ ವಿಭಾಗದ ಮೇಲೆ ಅಷ್ಟಾಗಿ ಇಲ್ಲ. ಡೈರಿ ಬರೆಯುವ ಅಭ್ಯಾಸವಿದೆ ನಿಜ. ಆದರೆ ಆ ದಿನದ ಪುಟ ತೆಗೆದು ನೋಡಿದರೆ, ‘ತುಟಿ ಒಡೆದಿದೆ, ತುಪ್ಪ ಹಚ್ಚಬೇಕು’ ಎಂದಷ್ಟೇ ಇದೆ. ಮುಖ್ಯವಾದದ್ದು ನಡೆಯುವ ದಿನ ನಾನು ಸಾಮಾನ್ಯವಾಗಿ ತುಟಿಯ ಬಗ್ಗೆ ಬರೆದಿರುತ್ತೇನೆ. ಆದ್ದರಿಂದ ಉಳಿದದ್ದನ್ನೆಲ್ಲ ನೀವು ನನ್ನ ಬಾಯಿಮಾತಿನ ಮೇಲೆ ನಂಬಬೇಕು.

ಮರುಭೂಮಿ ಎಂದೊಡನೆ ನಿಮಗೆ ಒಂಟೆಯೂ ಮರಳಿನ ದಿಬ್ಬವೂ ಕಂಡಿದ್ದರೆ ಅದು ನಿಮ್ಮ ತಪ್ಪಲ್ಲ, ನಮ್ಮ ಪ್ರೈಮರಿ ಶಾಲೆಯ ಪುಸ್ತಕದ್ದು. ಪಶ್ಚಿಮ ಟೆಕ್ಸಸ್‌ನ ಮರುಭೂಮಿಯಲ್ಲಿ ಮರಳು ಕಡಿಮೆ. ಅಲ್ಲಿರುವುದು ಒಣಹುಲ್ಲು, ಮುಳ್ಳಿನ ಪೊದೆ, ಕಲ್ಲು, ಮತ್ತು ಯಾರೂ ಬಳಸದೆ ಬಿಟ್ಟ ಆಕಾಶ. ಚಳಿಗಾಲದಲ್ಲಿ ಹುಲ್ಲು ಹುರಿದ ರವೆಯ ಬಣ್ಣಕ್ಕೆ ತಿರುಗಿರುತ್ತದೆ. ಡಲ್ಲಾಸ್‌ನಿಂದ ಪಶ್ಚಿಮಕ್ಕೆ ಬೆಳಗಿನಿಂದ ಸಂಜೆಯವರೆಗೆ ಕಾರು ಓಡಿಸಿದರೆ ಇದು ಸಿಗುತ್ತದೆ. ನಾವು ಮೊದಲು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿದ್ದೆವು. ಅಲ್ಲಿ ಗಾಳಿಯಲ್ಲೇ ನೀರು. ಉಪ್ಪಿನ ಡಬ್ಬಿ ಅಲ್ಲಾಡಿಸಿದರೆ ಉಪ್ಪು ಬೀಳುತ್ತಿರಲಿಲ್ಲ. ಆಮೇಲೆ ಡಲ್ಲಾಸ್ ಕಡೆಗೆ ಶಿಫ್ಟ್ ಆದೆವು. ಇಲ್ಲಿನ ಮೊದಲ ಚಳಿಗಾಲದಲ್ಲಿ ಕಂದುಬಣ್ಣದ ಲಾನ್ ನೋಡಿ, ‘ಮರುಭೂಮಿಗೆ ಬಂದುಬಿಟ್ಟೆವು’ ಎಂದು ಗೋಳಾಡಿದ್ದೆ. ಗುರು, ಎಂದರೆ ಗುರುರಾಜ, ನನ್ನ ಗಂಡ, ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವನು ಒಂದು ಡಿಸೆಂಬರ್ ರಜೆಗೆ, “ನಡಿ, ನಿಜವಾದ ಮರುಭೂಮಿ ತೋರಸ್ತೀನಿ, ಆಮ್ಯಾಲ ಲಾನ್ ಬಗ್ಗೆ ಮಾತಾಡಬಾರದು” ಎಂದು ಹೊರಡಿಸಿದ.

ನಾವು ಹೋದದ್ದು ಒಂದು ಕಲೆಯ ಊರಿಗೆ. ಇರುವುದು ನಾಲ್ಕಾರು ಬೀದಿ, ಒಂದು ರೈಲು ಹಳಿ, ಒಂದು ದಿನಸಿ ಅಂಗಡಿ. ಆದರೆ ದೂರದೂರದಿಂದ ಜನ ಬರುವುದು ಅಲ್ಲಿ ಬಯಲಿನಲ್ಲಿ ನಿಲ್ಲಿಸಿರುವ ಶಿಲ್ಪಗಳನ್ನು ನೋಡಲು. ಆಸ್ಟಿನ್‌ನ ಸ್ನೇಹಿತರೊಬ್ಬರು ಹೋಗಿ ಬಂದು, ‘ಅಲ್ಲಿ ಎರಡು ದಿನ ಇದ್ದರೆ ಎಲ್ಲವೂ ಕಲೆಯಂತೆ ಕಾಣತ್ತೆ’ ಎಂದು ಹೇಳಿದ್ದರು. ನಾವು ಒಂದು ಹಳೆಯ ಸಣ್ಣ ಮನೆಯನ್ನು ವಾರಕ್ಕೆ ಬಾಡಿಗೆಗೆ ಹಿಡಿದೆವು. ನಾನು, ಗುರು, ಹೈಸ್ಕೂಲಿನ ಮಗಳು ಇಳಾ, ಮತ್ತು ಆ ವರ್ಷ ಧಾರವಾಡದಿಂದ ಬಂದು ನಮ್ಮೊಡನಿದ್ದ ಅತ್ತೆ.

ಅತ್ತೆ ಪ್ರವಾಸಕ್ಕೆ ಒಪ್ಪಿದ್ದೇ ಒಂದು ಆಶ್ಚರ್ಯ. ಅವರದು ಮಡಿಯ ಮನೆತನ. ಹೊರಗೆ ಉಣ್ಣುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ನಮ್ಮ ನಾಲ್ವರ ಬಟ್ಟೆಗಿಂತ ಅವರೊಬ್ಬರ ಅಡುಗೆಮನೆಯೇ ಹೆಚ್ಚು ಜಾಗ ಹಿಡಿದಿತ್ತು: ಅಕ್ಕಿ, ತೊಗರಿಬೇಳೆ, ಬೆಲ್ಲ, ತುಪ್ಪ, ಎಳ್ಳು, ಒಂದು ಕುಕ್ಕರ್, ಎರಡು ಪಾತ್ರೆ, ಪ್ಲಾಸ್ಟಿಕ್ ಚೀಲದೊಳಗಿನ ಪ್ಲಾಸ್ಟಿಕ್ ಚೀಲದೊಳಗೆ ಒಂದು ನೂಲಿನ ಇಳಕಲ್ ಸೀರೆ. ಆ ಸೀರೆ ಮಡಿಗೆಂದೇ ಮೀಸಲು.

ಮಡಿಯ ಬಗ್ಗೆ ನನ್ನ ಮನಸ್ಸು ಯಾವತ್ತೂ ನೇರವಾಗಿಲ್ಲ. ಮೈಸೂರಿನಲ್ಲಿ ನನ್ನ ಅಜ್ಜಿಗೂ ಮಡಿ ಇತ್ತು. ತೊಲೆಗೆ ತೂಗುಹಾಕಿದ ಬಿದಿರಿನ ಗಳುವಿನ ಮೇಲೆ ಅವರ ಸೀರೆ ಒಣಗುತ್ತಿತ್ತು. ಕೋಲಿನಿಂದ ಹಾಕಿ ಕೋಲಿನಿಂದಲೇ ತೆಗೆಯುವುದು. ಕೆಳಗಿನಿಂದ ನೋಡಿದರೆ ಅದು ಇನ್ನೊಂದು ಆಕಾಶ. ಬೆಳಕು ಅದರೊಳಗಿಂದ ಸೋಸಿ ನೆಲದ ಮೇಲೆ ಬೀಳುತ್ತಿತ್ತು, ನಾನು ಆ ಬೆಳಕಿನಲ್ಲಿ ಕೈ ಅದ್ದಿ ಆಡುತ್ತಿದ್ದೆ. ಬೆಳಕು ಮುಟ್ಟಿದರೆ ಮೈಲಿಗೆ ಇರಲಿಲ್ಲ. ಆಮೇಲೆ ಕಾಲೇಜಿಗೆ ಹೋಗಿ ನಾಲ್ಕಕ್ಷರ ಓದಿದ ಮೇಲೆ, ಆ ಮಡಿಯ ಗೆರೆ ಯಾರು ಯಾರನ್ನು ಹಿತ್ತಲಬಾಗಿಲ ಆಚೆಗೆ ನಿಲ್ಲಿಸಿತ್ತು ಎಂಬುದು ತಿಳಿಯಿತು, ಆ ಬೆಳಕೂ ನೆನಪಿನಲ್ಲಿ ಸ್ವಲ್ಪ ಮಬ್ಬಾಯಿತು. ಎರಡೂ ಸತ್ಯ. ಯಾವುದನ್ನು ಮುಂದಿಟ್ಟು ಯಾವುದನ್ನು ಹಿಂದಿಡಬೇಕು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮೊದಲ ದಿನ ಶಿಲ್ಪಗಳನ್ನು ನೋಡಲು ಹೋದೆವು. ಬಯಲಿನಲ್ಲಿ ಆಳೆತ್ತರದ ತುಕ್ಕು ಹಿಡಿದ ಕಬ್ಬಿಣದ ಹಾಳೆಗಳು, ಒಂದರ ಹಿಂದೆ ಒಂದು, ಸಾಲಾಗಿ ನಿಂತಿದ್ದವು. ಅಷ್ಟೇ. ನಾನು ಏನೋ ಅರ್ಥವಾದವಳಂತೆ ಮುಖ ಮಾಡಿಕೊಂಡು ಸುತ್ತು ಬಂದೆ. ಕಲೆಯ ಮುಂದೆ ನನಗೆ ಸಲೀಸಾಗಿ ಬರುವ ಕಲೆ ಇದೊಂದೇ.

“ಯಾರೋ ಮನಿ ಕಟ್ಟಲಿಕ್ಕೆ ಸುರು ಮಾಡಿ ಅರ್ಧಕ್ಕ ಬಿಟ್ಟಾರೇನು?” ಅತ್ತೆ ಕೇಳಿದರು.

“ಅಜ್ಜಿ, ಇಟ್ಸ್ ಆರ್ಟ್,” ಎಂದಳು ಇಳಾ.

“ಇರಲಿ ಬಿಡು. ಮಳಿ ಬಂದ್ರ ನೀರರ ನಿಂದರತಾವೇನು ಅದರಾಗ?” ಎನ್ನುತ್ತ ಅತ್ತೆ ಒಂದು ಹಾಳೆಯ ಮೇಲೆ ಕೈಯಿಟ್ಟರು. ಬಿಸಿಲಿಗೆ ಕಾದ ಕಬ್ಬಿಣ ಬೆಚ್ಚಗಿದ್ದಿರಬೇಕು. ಅಂಗೈ ಪೂರ್ತಿ ಊರಿದರು. ಎಲ್ಲಿಂದಲೋ ಕಾವಲಿನ ಹುಡುಗಿ ಓಡಿಬಂದು, ದಯವಿಟ್ಟು ಮುಟ್ಟಬೇಡಿ, ಕೈಯ ಎಣ್ಣೆ ತಾಗಿದರೂ ಕೆಡುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ನಾನು ಅನುವಾದಿಸಿದೆ. ಅತ್ತೆಗೆ ಸಿಟ್ಟು ಬರುತ್ತದೆಂದು ಎಣಿಸಿದ್ದೆ. ಅವರು ಕೈ ಹಿಂದೆಗೆದು, ಆ ಹುಡುಗಿಯನ್ನು ಮೊದಲ ಸಲ ಸರಿಯಾಗಿ ನೋಡಿ, “ಅಯ್ಯ, ಇವರೊಳಗೂ ಮಡಿ ಅದ ಹಂಗಾದ್ರ. ಮೊದಲ ಹೇಳಬಾರದೇನು?” ಎಂದರು. ಅಲ್ಲಿಂದ ಮುಂದೆ ಅವರು ಆ ಹಾಳೆಗಳ ನಡುವೆ ಸೆರಗು ಬಿಗಿಹಿಡಿದು, ಯಾರದೋ ದೇವರಮನೆಯಲ್ಲಿ ನಡೆಯುವ ಹಾಗೆ ನಡೆದರು. ನಾನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

ಸಮಸ್ಯೆ ಶುರುವಾದದ್ದು ಆ ಸಂಜೆ. ಮಾವನವರು ತೀರಿಹೋಗಿ ಆಗ ಮೂರು ವರ್ಷ. ತಿಥಿ ಯಾವತ್ತು ಬರುತ್ತದೆಂದು ಗುರು ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ, ನಾವು ಮನೆಗೆ ಹಿಂದಿರುಗಿದ ಮರುದಿನ ಎಂದು ಲೆಕ್ಕ ಹಾಕಿಯೇ ಪ್ರವಾಸ ಗೊತ್ತುಮಾಡಿದ್ದ. ಆ ಕ್ಯಾಲೆಂಡರ್ ಬೆಂಗಳೂರಿನಿಂದ ಬಂದದ್ದು. ಅದರಲ್ಲಿರುವುದು ಬೆಂಗಳೂರಿನ ಸೂರ್ಯ, ಬೆಂಗಳೂರಿನ ಚಂದ್ರ. ಅದು ಸಾಲದೆಂದು ಯಾವ ತಿಥಿ ಎಂಬುದರಲ್ಲೂ ಏನೋ ಎಡವಟ್ಟಾಗಿತ್ತು. ಅತ್ತೆ ಸುಮ್ಮನೆ ಮಾತಾಡಲೆಂದು ಡಲ್ಲಾಸ್ ಕಡೆಯ ದೇವಸ್ಥಾನದ ಆಚಾರ್ಯರಿಗೆ ಫೋನ್ ಮಾಡಿದವರು, ಮಾತು ಮುಗಿಸಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತರು.

“ಏನಾತವ್ವಾ?” ಎಂದ ಗುರು.

“ನಾಳೆ ಅದ ಅಂತ.”

“ಏನು ನಾಳೆ?”

“ನಿಮ್ಮಪ್ಪನ ತಿಥಿ. ಇಲ್ಲಿಯವರಿಗೆ ನಾಳೇನ ಬರ್ತದಂತ.”

ಗುರು ತಕ್ಷಣ ಕಾರಿನ ಕೀಲಿ ಹುಡುಕಿದ. ರಾತ್ರಿಯೆಲ್ಲ ಡ್ರೈವ್ ಮಾಡಿದರೆ ಬೆಳಿಗ್ಗೆ ಮನೆ ಮುಟ್ಟಬಹುದು ಎಂದ. ಅತ್ತೆ ಬೇಡವೆಂದರು. ಇದ್ದಲ್ಲಿಯೇ ಎಳ್ಳುನೀರು ಬಿಟ್ಟು, ಮಡಿಯಲ್ಲಿ ಅಡುಗೆ ಮಾಡಿ ಎಡೆಯಿಡಿ, ಉಳಿದದ್ದನ್ನು ವಾಪಸ್ ಬಂದ ಮೇಲೆ ದೇವಸ್ಥಾನದಲ್ಲಿ ನೋಡೋಣ ಎಂದು ಆಚಾರ್ಯರು ಹೇಳಿದ್ದರಂತೆ. “ನೀ ಎಳ್ಳುನೀರು ಬಿಡು. ಅಡಿಗಿ ನಾ ಮಾಡ್ತೀನಿ. ಅವರು ಇದ್ದಾಗ ಒಂದ ದಿನಾನೂ ನನ್ನ ಕೈ ಅಡಿಗಿ ತಪ್ಪಿಸಿಲ್ಲ, ಹೋದ ಮ್ಯಾಲೂ ತಪ್ಪಬಾರದು. ಮಧ್ಯಾಹ್ನ ಮೀರಬಾರದು, ಅಷ್ಟ,” ಎಂದರು. ದನಿ ಎತ್ತರಿಸದೆ ಹೇಳಿದ ಆ ಕೊನೆಯ ಮಾತಿನಿಂದ ನಮಗೆಲ್ಲ ಗೊತ್ತಾಯಿತು, ಈ ವಿಷಯದಲ್ಲಿ ತಮಾಷೆ ನಡೆಯುವುದಿಲ್ಲ ಎಂದು.

ದಿನಸಿ ಅಂಗಡಿ ಮುಚ್ಚುವುದರೊಳಗೆ ನಾನೂ ಇಳಾನೂ ಓಡಿದೆವು. ಶ್ರಾದ್ಧಕ್ಕೆ ಇಂಗ್ಲಿಷ್ ತರಕಾರಿ ಬರುವುದಿಲ್ಲ ಎಂದು ಅತ್ತೆ ಬಾಗಿಲಲ್ಲೇ ಎಚ್ಚರಿಸಿದ್ದರು: ಕ್ಯಾರೆಟ್, ಕೋಸು, ಹೂಕೋಸು ಯಾವುದೂ ಕೂಡದು. ಅಮೆರಿಕದ ಮರುಭೂಮಿಯ ಒಂಟಿ ಅಂಗಡಿಯಲ್ಲಿ ನಿಂತು ಇಂಗ್ಲಿಷ್ ಅಲ್ಲದ ತರಕಾರಿ ಹುಡುಕುವುದು ಹೇಗೆಂದು ಒಮ್ಮೆ ಯೋಚಿಸಿ. ಸೌತೆಕಾಯಿ ಸಿಕ್ಕಿತು, ಗೆಣಸು ಸಿಕ್ಕಿತು. ಗೆಣಸು ಕಂಡು ಅತ್ತೆಗೆ ಬಹಳ ಸಮಾಧಾನವಾಯಿತು. ಗೆಣಸು ಮೂಲತಃ ಈ ಕಡೆಯ ಖಂಡದ್ದೇ ಎಂದು ಎಲ್ಲೋ ಓದಿದ್ದ ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆಯ ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಹಾಲುಗಲ್ಲಿನಂತೆ ಗಟ್ಟಿಯಾಗಿತ್ತು. ಹೊರಗೆ ಹುಲ್ಲಿನ ಮೇಲೆ ಬಿಳಿ ಹಿಮದ ಪುಡಿ. ಅತ್ತೆ ಆಗಲೇ ಸ್ನಾನ ಮಾಡಿ, ಮಡಿ ಸೀರೆಯನ್ನು ಒಗೆದು, ಹಿತ್ತಲಿನ ಹಗ್ಗಕ್ಕೆ ಹಾಕಿಯಾಗಿತ್ತು. ಹೌದು, ಆ ಮನೆಗೆ ಹಗ್ಗವಿತ್ತು. ಎರಡು ಕಬ್ಬಿಣದ ಕಂಬದ ನಡುವೆ, ಎತ್ತರಕ್ಕೆ. ಕೈಗೆಟುಕದ ಆ ಹಗ್ಗಕ್ಕೆ ಅವರು ಸೀರೆ ಏರಿಸಿದ್ದು ಗುರುವಿನ ಟ್ರೆಕ್ಕಿಂಗ್ ಕೋಲಿನಿಂದ. ಕೋಲನ್ನೂ ಮೊದಲು ತೊಳೆದಿದ್ದರು.

ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತೆ. ಇದನ್ನು ಹೇಗೆ ಹೇಳಲಿ? ಹಿಂದೆ ರವೆಬಣ್ಣದ ಬಯಲು, ಅದರಾಚೆ ತೆಳು ನೀಲಿ ಗುಡ್ಡ, ಮೇಲೆ ಏನೂ ಇಲ್ಲದ ಆಕಾಶ. ಅದರ ನಡುವೆ ಅಡ್ಡಲಾಗಿ ಒಂದೇ ಒಂದು ದಾಳಿಂಬೆ ಬಣ್ಣದ ಪಟ್ಟಿ. ಸೆರಗಿನ ಕೆಂಪು ಬಿಳಿ ಗೋಪುರಗಳು ಗಾಳಿಗೆ ಬೀಳುತ್ತ ಏಳುತ್ತ ಇದ್ದವು. ದಾಳಿಂಬೆ ಎಂದು ನಾನು ಹೇಳುತ್ತೇನೆ. ಇಳಾ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಅದು ಇಟ್ಟಿಗೆ ಬಣ್ಣ. ಗುರುವಿನ ಪ್ರಕಾರ ಅವ್ವನ ಮಡಿ ಸೀರೆ ಮೊದಲಿನಿಂದಲೂ ನೇರಳೆ. ನಾನು ದಾಳಿಂಬೆ ಬಿಟ್ಟುಕೊಡಲು ಸಿದ್ಧಳಿಲ್ಲ. ಹಿಂದಿನ ದಿನ ಕಬ್ಬಿಣದ ಹಾಳೆಗಳ ಮುಂದೆ ಮುಖ ಮಾಡಿಕೊಂಡು ನಿಂತಿದ್ದವಳಿಗೆ ಇಲ್ಲಿ ಯಾವ ಮುಖವೂ ಬೇಕಾಗಲಿಲ್ಲ. ಕಾಫಿ ತಣ್ಣಗಾಯಿತು.

ಹಿತ್ತಲಿಗೆ ಬೇಲಿ ಇರಲಿಲ್ಲ. ಪಕ್ಕದ ರಸ್ತೆ ಶಿಲ್ಪಗಳ ಬಯಲಿಗೆ ಹೋಗುವ ರಸ್ತೆ. ಒಂದು ಕಾರು ನಿಧಾನವಾಯಿತು, ನಿಂತಿತು. ವಯಸ್ಸಾದ ಗಂಡ ಹೆಂಡತಿ ಇಳಿದರು. ಆ ಹೆಂಗಸಿನ ಕೂದಲು ಪೂರ್ತಿ ಬಿಳಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಇಬ್ಬರೂ ಸ್ವಲ್ಪ ಹಿಂದೆ ಸರಿದು ನೋಡಿದರು, ಬಲಕ್ಕೆ ಹೋಗಿ ನೋಡಿದರು. ಆಮೇಲೆ ಆಕೆ ಕನ್ನಡಕ ಏರಿಸಿಕೊಂಡು ಸೆರಗಿನ ಹತ್ತಿರ ಬಂದು ಕೈ ಚಾಚಿದಳು.

“ತಂಗಿ, ಮುಟ್ಟಬ್ಯಾಡ್ರಿ.”

ಅತ್ತೆ ಹಿಂದಿನ ಬಾಗಿಲಲ್ಲಿ ಅಂಗೈ ಎತ್ತಿ ನಿಂತಿದ್ದರು. ಆ ಹೆಂಗಸಿಗೆ ಕನ್ನಡ ಹೇಗೆ ತಿಳಿಯಬೇಕು? ಆದರೆ ತಿಳಿಯಿತು. ಚಾಚಿದ ಕೈ ಹಾಗೇ ಹಿಂದಕ್ಕೆ ಹೋಯಿತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕ್ಷಮಿಸಿ, ಕ್ಷಮಿಸಿ, ಬೋರ್ಡ್ ಕಾಣಲಿಲ್ಲ ಎಂದಳು. ಅಷ್ಟರಲ್ಲಿ ಇನ್ನೊಂದು ಕಾರೂ ನಿಂತು, ಅದರಿಂದ ಇಳಿದ ಇಬ್ಬರು ಹುಡುಗಿಯರು ಫೋಟೋ ತೆಗೆಯತೊಡಗಿದ್ದರು. ನಾನು ಹೊರಗೆ ಹೋಗಿ ವಿಷಯ ವಿವರಿಸಬೇಕು ಎಂದುಕೊಳ್ಳುವಷ್ಟರಲ್ಲಿ ಇಳಾ ನನ್ನ ತೋಳು ಹಿಡಿದಳು. “ಅಮ್ಮ, ಡೋಂಟ್. ದೇ ಥಿಂಕ್ ಇಟ್ಸ್ ಅನ್ ಇನ್‌ಸ್ಟಾಲೇಶನ್. ದಿಸ್ ಈಸ್ ದ ಬೆಸ್ಟ್ ಡೇ ಆಫ್ ಮೈ ಲೈಫ್.”

ಬಿಳಿಕೂದಲಿನ ಹೆಂಗಸು ಕಲಾವಿದೆ ನೀವೇನಾ ಎಂದು ಅತ್ತೆಯನ್ನೇ ಕೇಳಿದಳು. ಇಳಾ ನಡುವೆ ನಿಂತು ಎರಡೂ ಕಡೆಗೆ ಮಾತು ದಾಟಿಸಿದಳು.

“ಕೃತಿಯ ಹೆಸರೇನು ಅಂತ ಕೇಳ್ತಿದಾರೆ, ಅಜ್ಜಿ.”

“ಯಾವುದರದು? ಸೀರೀದಾ? ಮಡಿ ಅನ್ನು.”

‘ಮಡಿ’ ಎಂದು ಆ ಹೆಂಗಸು ಎರಡು ಸಲ ಬಾಯಲ್ಲಿಟ್ಟು ನೋಡಿದಳು. ಎಷ್ಟು ದಿನ ಇರುತ್ತದೆ ಪ್ರದರ್ಶನ ಎಂದಳು.

“ಒಣಗೂತನಕ,” ಎಂದರು ಅತ್ತೆ.

ಅನುವಾದ ಕೇಳಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಬಹಳ ಹೊತ್ತು ತಲೆದೂಗಿದರು. ಅದರಲ್ಲಿ ಅವರಿಗೆ ಏನು ಹೊಳೆಯಿತೋ ಗೊತ್ತಿಲ್ಲ. ಅತ್ತೆ ಮಾತ್ರ ಒಳಗೆ ಬಂದು, “ಪಾಪ, ಛಲೋ ಮಂದಿ. ಒಮ್ಮೆ ಹೇಳಿದ್ರ ತಿಳೀತದ. ನಿನಗ ನಾ ಎಷ್ಟ ಸಲ ಹೇಳಬೇಕಾತು ಮದುವ್ಯಾದ ಹೊಸದಾಗಿ,” ಎಂದು ನನ್ನನ್ನೊಮ್ಮೆ ನೋಡಿ ಬಚ್ಚಲಿಗೆ ಹೋದರು. ಅಡುಗೆಗೆ ಮುಂಚೆ ಇನ್ನೊಂದು ಸ್ನಾನ ಆಗಬೇಕಿತ್ತು.

ಮರುಭೂಮಿಯ ಗಾಳಿ ಅದ್ಭುತ. ಸೈಪ್ರೆಸ್‌ನಲ್ಲಾಗಿದ್ದರೆ ಮೂರು ದಿನಕ್ಕೂ ಒಣಗದ ನೂಲಿನ ಸೀರೆ, ಇಲ್ಲಿ ಹಿಮ ಕರಗಿ ಬಿಸಿಲು ಏರುತ್ತಲೇ ಗರಿಗರಿಯಾಯಿತು. ಬಚ್ಚಲ ಒಳಗಿನಿಂದ ಅತ್ತೆ ಕೂಗಿದರು: “ವಸುಧಾ, ಸೀರಿ ಕೋಲಿನಿಂದ ತಗೊಂಡ ಬಾಗಿಲಿಗೆ ಹಿಡೀವಾ. ಮೈಗೆ ತಾಗಿಸಿಕೋಬ್ಯಾಡ ಮತ್ತ.”

ಕೋಲಿನಿಂದ ಸೀರೆ ತರುವ ಕೆಲಸ ನೋಡಲು ಸುಲಭ. ಅಜ್ಜಿ ಅದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದರು. ನಾನು ಕೋಲಿನ ತುದಿಯಿಂದ ಸೀರೆಯನ್ನು ನಡುವಿಗೆ ಕೂಡಿಸಿ, ಎತ್ತಿ, ಹಗ್ಗ ತಪ್ಪಿಸಿ, ಬಾವುಟದಂತೆ ಮುಂದಕ್ಕೆ ಚಾಚಿ ಹಿಡಿದು ಹೆಜ್ಜೆ ಹಾಕಿದೆ. ರಸ್ತೆಯಂಚಿನಲ್ಲಿದ್ದವರು ಮಾತು ನಿಲ್ಲಿಸಿದರು. ಇದೂ ಪ್ರದರ್ಶನದ ಒಂದು ಭಾಗ ಎಂದುಕೊಂಡಿರಬೇಕು. ಫೋನುಗಳು ನನ್ನ ಕಡೆ ತಿರುಗಿದವು. ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತೆಂದು ಕಾಣುತ್ತದೆ. ಬೆನ್ನು ನೇರ ಮಾಡಿದೆ, ನಡಿಗೆಗೆ ಸ್ವಲ್ಪ ಗಾಂಭೀರ್ಯ ತಂದೆ. ಆಗಲೇ ಬಯಲ ಕಡೆಯಿಂದ ಗಾಳಿ ಬೀಸಿತು. ಸೀರೆ ಒಮ್ಮೆಲೆ ಅರಳಿ, ಹಿಂದಕ್ಕೆ ಹೊರಳಿ, ನನ್ನ ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡಿತು. ಒಳಗೆ ಎಲ್ಲ ದಾಳಿಂಬೆ ಬೆಳಕು. ಹೊರಗಿನಿಂದ ಚಪ್ಪಾಳೆ ಕೇಳಿಸಿತು.

ಸುತ್ತು ಬಿಡಿಸಿ ಸೀರೆಯನ್ನು ತೋಳ ಮೇಲೆ ಹೊತ್ತು ಒಳಗೆ ಬಂದರೆ ಬಚ್ಚಲ ಬಾಗಿಲ ಸಂದಿನಲ್ಲಿ ಅತ್ತೆಯ ಮುಖ. ಒದ್ದೆ ಕೂದಲು, ಮೈಗೆ ಟವೆಲ್ಲು.

“ಏನರ ತಿಂದೀ ಮುಂಜಾನಿಂದ?” ಎಂದರು ಮೆಲ್ಲಗೆ.

“ಇಲ್ಲ ಅತ್ತೆ.”

“ಕುಡದೀ?”

ನಾನು ತುಟಿ ಒರೆಸಿಕೊಂಡೆ. ಕಾಫಿಯ ವಾಸನೆ ಅಲ್ಲಿಯವರೆಗೂ ಹೋಗಿರಬೇಕು.

ಅವರು ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಕಿಟಕಿಯಾಚೆ ಬಿಸಿಲಿನ ಎತ್ತರ ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು. ಮತ್ತೆ ಒಗೆದು ಒಣಗಿಸಿ ಅಡುಗೆ ಮಾಡಿದರೆ ಹೊತ್ತು ಮೀರುತ್ತದೆಂದು ಇಬ್ಬರಿಗೂ ಗೊತ್ತಿತ್ತು. “ಕೊಡು ಇಲ್ಲೆ. ನೀರಾಗ ಜಾಡಿಸಿ ಒದ್ದೀನ ಉಟ್ಟಕೋತೀನಿ. ಒದ್ದಿಬಟ್ಟಿ ಯಾವಾಗಲೂ ಮಡೀನ,” ಎಂದರು.

ಗುರು ಕೇಳಿಸಿಕೊಂಡು ಬಂದ. “ಅವ್ವಾ, ಈ ಥಂಡಿಯೊಳಗ? ಹೋದ ತಿಂಗಳ ಕೆಮ್ಮಿಗೆ ಡಾಕ್ಟರ್ ಏನಂದಾರ ನೆನಪದ ಇಲ್ಲ?”

“ಡಾಕ್ಟರ್ ತಿಥಿ ಮಾಡ್ತಾನೇನು?”

“ಅಪ್ಪ ಏನ್ ಸಿಟ್ಟ ಆಗೂದಿಲ್ಲ. ಸುಮ್ಮನ ಬ್ಯಾರೆ ಸೀರಿ ಉಟ್ಟ ಮಾಡು.”

ಅತ್ತೆ ಬಾಗಿಲ ಸಂದಿನಿಂದ ಕೈ ಮಾತ್ರ ಹೊರಗೆ ಚಾಚಿದರು.

ನಾನು ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಭಕ್ತಿಯಿಂದಲ್ಲ. ತಪ್ಪಿಗೆ ದಂಡವೆಂದೂ ಅಲ್ಲ, ತಪ್ಪು ಗಾಳಿಯದು. ಆ ಬಣ್ಣದೊಳಗೆ ಒಮ್ಮೆ ನಿಂತವಳಿಗೆ ಅದನ್ನು ವಾಪಸು ಕೊಡಲು ಮನಸ್ಸಾಗಲಿಲ್ಲವೋ ಏನೋ. ಅಂತೂ ಬಾಯಿಂದ ಬಂತು: “ನಾನು ಉಡ್ತೀನಿ ಅತ್ತೆ. ತಲೆಗೆ ನೀರು ಹಾಕ್ಕೊಂಡು ಬರ್ತೀನಿ. ನಾನೇ ಅಡುಗೆ ಮಾಡ್ತೀನಿ, ನೀವು ಹೇಳ್ಕೊಡಿ.”

ಬಾಗಿಲ ಸಂದಿನ ಕೈ ಒಳಗೆ ಹೋಯಿತು.

“ಕಾಫಿ ಕುಡದೀಯಲ್ಲ.”

“ಬಾಯಿ ಮುಕ್ಕಳಿಸ್ತೀನಿ.”

“ಮುಕ್ಕಳಿಸಿದ್ರ ಕಾಫಿ ಹೊಟ್ಟ್ಯಾಗಿಂದ ಹೊರಗ ಬರ್ತದೇನು?” ಎಂದರು. ಆಮೇಲೆ, “ಬಾ ಹಂಗಾದ್ರ. ಕಚ್ಚಿ ಹಾಕಲಿಕ್ಕೆ ಬರೂದಿಲ್ಲ ನಿನಗ. ಹೆಂಗರ ಉಟಗೋ.”

ಒದ್ದೆ ಸೀರೆ ಮೈಗೆ ತಾಗಿದಾಗಿನ ಆ ಚಳಿಯನ್ನು ನಾನು ವರ್ಣಿಸುವುದಿಲ್ಲ. ಹಲ್ಲು ಕಟಕಟಿಸುತ್ತ ಒಲೆ ಹಚ್ಚಿದೆ. ಆ ಅಡುಗೆಮನೆಗೆ ಗೋಡೆಯೂ ಇಲ್ಲ, ಹೊಸ್ತಿಲೂ ಇಲ್ಲ. ಟೈಲ್ಸ್ ಮುಗಿದು ಮರದ ನೆಲ ಶುರುವಾಗುವ ಗೆರೆಯನ್ನೇ ಹೊಸ್ತಿಲೆಂದು ಗೊತ್ತುಮಾಡಿ ಅತ್ತೆ ಅದರ ಆಚೆ ಕುರ್ಚಿ ಹಾಕಿ ಕೂತರು, ಬೇರೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಕಾಲಿಗೆ ಇಳಾಳ ಸಾಕ್ಸ್ ಏರಿಸಿಕೊಂಡು. ಅಲ್ಲಿಂದ ನನ್ನ ಕೈಗಳನ್ನು ನಡೆಸಿದರು. ಗೆಣಸಿನ ಹೋಳು ದೊಡ್ಡದಾಯಿತು. ಬೇಳೆಗೆ ಅರಿಶಿನ ಈಗ. ಎಳ್ಳನ್ನು ಚಿಟಚಿಟ ಅನ್ನುವ ಮೊದಲೇ ಇಳಿಸು. ರುಚಿ ನೋಡುವಂತಿಲ್ಲ ಎಂದು ಅವರು ಹೇಳಬೇಕಾಗಿರಲಿಲ್ಲ. ಎಡೆ ಇಡುವವರೆಗೆ ಯಾರ ನಾಲಿಗೆಯೂ ಸೋಕಬಾರದೆಂದು ನನಗೂ ಗೊತ್ತಿತ್ತು. ಕಣ್ಣಳತೆಯಲ್ಲಿ ಉಪ್ಪು ಹಾಕಿದೆ. ಕಿಟಕಿಯ ಬಿಸಿಲಿನಲ್ಲಿ ಕುಕ್ಕರಿನ ಆವಿ ಬಿಳಿಯ ಮರದಂತೆ ಎದ್ದು, ಆ ಒಣಗಾಳಿಯಲ್ಲಿ ಎರಡು ಮೊಳ ಏರುವುದರೊಳಗೆ ಇಲ್ಲವಾಗುತ್ತಿತ್ತು. ಸೀರೆಯಿಂದಲೂ ತೆಳ್ಳಗೆ ಆವಿ ಏಳುತ್ತಿತ್ತು.

ತೊವ್ವೆ ತಳ ಹಿಡಿಯುವ ವಾಸನೆ ಅತ್ತೆಯ ಮೂಗಿಗೆ ನನಗಿಂತ ಮೊದಲು ತಾಗಿತು. ಕುರ್ಚಿ ಬಿಟ್ಟೆದ್ದು, ಗೆರೆ ದಾಟಿ, ಸೌಟಿಗೆ ಕೈ ಚಾಚಿದರು.

“ಅತ್ತೆ, ಮುಟ್ಟಬೇಡಿ,” ಎಂದೆ.

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ನನ್ನ ಮಾತಿಗೆ ನಾನೇ ಬೆಚ್ಚಿದ್ದೆ. ಅತ್ತೆ ನನ್ನನ್ನು, ನಾನು ಉಟ್ಟ ತಮ್ಮ ಸೀರೆಯನ್ನು, ತಮ್ಮ ಕಾಲಿನ ಗುಲಾಬಿ ಸಾಕ್ಸ್‌ಗಳನ್ನು ನೋಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಗೆರೆಯಾಚೆ ಕೂತು, ಬಾಯಿಗೆ ಸೆರಗು ಹಿಡಿದು ನಕ್ಕರು. “ಹ್ಞಾಂ ಹ್ಞಾಂ, ದೂರ ಕೂತೇನ್ರಿ, ಅಡಿಗಿ ಬಾಯಾರ. ತಿರುವ್ರಿ ಬೇಗ.”

ಅಡುಗೆ ಮುಗಿಯುವಾಗ ಸೀರೆ ನನ್ನ ಮೈಮೇಲೆಯೇ ಒಣಗಿ ಗರಿಗರಿಯಾಗಿತ್ತು. ಬಿಸಿಲು ಇನ್ನೂ ನೆತ್ತಿಯ ಹತ್ತಿರವಿತ್ತು. ಗುರು ಬರಿಮೈಯಲ್ಲಿ ಚಳಿಗೆ ಮುದುಡಿಕೊಂಡು ಎಳ್ಳುನೀರು ಬಿಟ್ಟ. ಅತ್ತೆ ಅಪ್ಪನ ಹೆಸರು, ಅಜ್ಜನ ಹೆಸರು ನೆನಪಿಸಿಕೊಟ್ಟರು. ಎಡೆಯ ತುತ್ತನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಬಂದೆವು. ವಿದ್ಯುತ್ ತಂತಿಯ ಮೇಲೆ ಕರ್ರಗಿನ ದೊಡ್ಡ ಹಕ್ಕಿಯೊಂದು ಕೂತಿತ್ತು. “ಇದು ನಮ್ಮ ಕಾಗಿ ಅಲ್ಲ, ಕಾಗೀ ದೊಡ್ಡಪ್ಪ,” ಎಂದರು ಅತ್ತೆ. ಅದು ಇಳಿದು ತಿಂದಿತು ಎನ್ನುತ್ತಾನೆ ಗುರು. ತಿಂದದ್ದು ಪಕ್ಕದ ಮನೆಯ ನಾಯಿ ಎನ್ನುತ್ತಾಳೆ ಇಳಾ. ನಾನು ಆಗ ಎಲೆ ಹಾಕುತ್ತಿದ್ದೆ. ಎಲೆ ಎಂದರೆ ಕಾಗದದ ತಟ್ಟೆ.

ಎಲ್ಲರಿಗೂ ಬಡಿಸಿ ನಾನು ಕೂರಲಿಲ್ಲ. ಅತ್ತೆ ಅನ್ನಕ್ಕೆ ತೊವ್ವೆ ಕಲೆಸಿ, ತುಪ್ಪ ಬಿಟ್ಟುಕೊಂಡು, ಮೊದಲ ತುತ್ತು 	ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಗುರುವೂ ಒಂದು ತುತ್ತು ತಿಂದ. ತಕ್ಷಣ ಅವನ ಕೈ ನೀರಿನ ಲೋಟಕ್ಕೆ ಹೋಯಿತು. ಇಳಾ ಕಣ್ಣು ಅಗಲಿಸಿ ನನ್ನ ಕಡೆ ನೋಡಿದಳು. ನನಗೆ ಗೊತ್ತಾಯಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಆ ಕಣ್ಣಳತೆಯಲ್ಲಿ ನೀರುಪಾಲಾಯಿತು ಎಂದುಕೊಂಡೆ.

ಅತ್ತೆ ಎರಡನೆಯ ತುತ್ತು ಕಲೆಸುತ್ತಿದ್ದರು.

“ಉಪ್ಪ ಒಂಚೂರ ಮುಂದಾಗೇದ,” ಎಂದರು. “ಅವರಿಗೆ ಹಿಂಗ ಬೇಕಾಗ್ತಿತ್ತು.”

ನನ್ನ ನೆನಪಿನ ಮಾವನವರು ರಕ್ತದೊತ್ತಡದವರು. ಉಪ್ಪಿಲ್ಲದ ಸಾರನ್ನು ಮೂಗು ಮುರಿಯದೆ ಉಣ್ಣುತ್ತಿದ್ದರು, ಹಪ್ಪಳವನ್ನೂ ದೂರ ಸರಿಸುತ್ತಿದ್ದರು. ನಾನು ಸೊಸೆಯಾಗಿ ಬಂದ ಮೇಲಿನ ಮಾವ ಅವರು. ಅದಕ್ಕಿಂತ ಮೊದಲಿನವರನ್ನು ನಾನು ಕಂಡಿಲ್ಲ. ಗುರು ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವನ ಕಡೆ ನೋಡದೆಯೇ, ನನ್ನ ಕಡೆ ತಟ್ಟೆ ಸರಿಸಿದರು.

“ಇನ್ನೊಂಚೂರ ತೊವ್ವಿ ಹಾಕು,” ಎಂದರು.

ಹಾಕಿದೆ.